ಬಯಲಿನಲ್ಲಿ ಚೆಂಡು, ಮನದಲ್ಲಿ ಪ್ರಶ್ನೆ

ಶರೀರವನ್ನು ಕಡೆಗಣಿಸಿ ಆತ್ಮೋನ್ನತಿಯನ್ನು ಪಡೆಯಬಹುದೆಂದು ನಮ್ಮ ಶರಣರು ನಂಬಲಿಲ್ಲ. ಲಿಂಗವನ್ನು ಧರಿಸುವುದಕ್ಕೆ ಅಂಗ ಬೇಕು. ಕಾಯಕಕ್ಕೆ ಕೈಕಾಲುಗಳಲ್ಲಿ ಕಸುವು ಬೇಕು. ದಾಸೋಹಕ್ಕೆ ದುಡಿದು ಗಳಿಸುವ ತ್ರಾಣ ಬೇಕು. ಕಾಯವನ್ನು ಅವರು ಪ್ರಸಾದಕಾಯವನ್ನಾಗಿ ಮಾಡಿಕೊಳ್ಳಬೇಕೆಂದರು. ಆದ್ದರಿಂದ ಆರೋಗ್ಯದ ವಿಚಾರವು ಮಠದ ಪತ್ರಿಕೆಗೆ ಹೊರಗಿನದಲ್ಲ. ಅದು ಸಾಧನೆಯ ಒಂದು ಅಂಗವೇ ಆಗಿದೆ.

ಈ ಸಲ ನಾವು ಔಷಧಿಯ ವಿಚಾರವನ್ನಾಗಲಿ ಪಥ್ಯದ ವಿಚಾರವನ್ನಾಗಲಿ ಎತ್ತಿಕೊಂಡಿಲ್ಲ. ಸಂಜೆಯ ಹೊತ್ತು ಓಣಿಯಲ್ಲಿ ಮಕ್ಕಳು ಆಡುವ ಚೆಂಡಾಟದ ಬಗೆಗೆ, ಅದೇ ಮಕ್ಕಳು ದೇವರ ಕುರಿತು ಕೇಳುವ ಪ್ರಶ್ನೆಗಳ ಬಗೆಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಇವೆರಡಕ್ಕೂ ಏನು ಸಂಬಂಧವೆಂದು ಸದ್ಭಕ್ತರು ಕೇಳಬಹುದು. ನಮ್ಮ ಮನೆಗಳಲ್ಲಿ ಇವೆರಡನ್ನೂ ಒಂದೇ ಮಾತಿನಿಂದ ತಡೆಯುತ್ತಿದ್ದೇವೆ: “ಸುಮ್ಮನೆ ಕೂಡು.” ಚೆಂಡು ಹಿಡಿದು ಹೊರಟ ಮಗುವಿಗೂ ಅದೇ ಮಾತು, ಪೂಜೆಯ ಹೊತ್ತಿನಲ್ಲಿ “ಇದು ಯಾಕೆ ಹೀಗೆ?” ಎಂದು ಕೇಳಿದ ಮಗುವಿಗೂ ಅದೇ ಮಾತು. ದೇಹವನ್ನು ಸುಮ್ಮನೆ ಕೂಡಿಸಿದರೆ ರೋಗಕ್ಕೆ ದಾರಿಯಾಗುತ್ತದೆ. ಜಿಜ್ಞಾಸೆಯನ್ನು ಸುಮ್ಮನೆ ಕೂಡಿಸಿದರೆ ಭಕ್ತಿ ಒಣಗುತ್ತದೆ. ಎರಡೂ ನಷ್ಟಗಳು ಕೂಡಲೇ ಕಾಣುವುದಿಲ್ಲ. ಮಗು ದೊಡ್ಡದಾದ ಮೇಲೆ ಒಂದು ಆಸ್ಪತ್ರೆಯಲ್ಲಿ ಕಾಣುತ್ತದೆ, ಇನ್ನೊಂದು ಬರಿದಾದ ಪೂಜೆಯ ಕೋಣೆಯಲ್ಲಿ ಕಾಣುತ್ತದೆ.

ಓಣಿಗಳು ಬರಿದಾದವು

ಲಗೋರಿಯನ್ನು ಆಡದ ಹಿರಿಯರು ನಮ್ಮಲ್ಲಿ ವಿರಳ. ಏಳು ಚಪ್ಪಟೆ ಕಲ್ಲು, ಒಂದು ಬಟ್ಟೆಯ ಚೆಂಡು, ಎರಡು ಗುಂಪು. ಇಷ್ಟಿದ್ದರೆ ಸಂಜೆ ತುಂಬುತ್ತಿತ್ತು. ಕಲ್ಲಿನ ಗೋಪುರಕ್ಕೆ ಗುರಿಯಿಟ್ಟು ಹೊಡೆಯಬೇಕು. ಚೆದರಿದ ಕಲ್ಲುಗಳನ್ನು ಚೆಂಡಿನ ಪೆಟ್ಟು ತಪ್ಪಿಸಿಕೊಳ್ಳುತ್ತ ಮತ್ತೆ ಜೋಡಿಸಬೇಕು. ಎಸೆತ, ಓಟ, ಬಾಗುವುದು, ಏಳುವುದು, ಥಟ್ಟನೆ ತಿರುಗುವುದು, ಇವೆಲ್ಲವೂ ಆ ಒಂದು ಆಟದಲ್ಲಿದ್ದವು. ಊರ ಚಾವಡಿಯ ಮುಂದೆ ಎರಡು ಕಂಬ ನೆಟ್ಟು ಬಲೆ ಕಟ್ಟಿದರೆ ವಾಲಿಬಾಲ್. ಹಳದಿ ಉಣ್ಣೆಯ ಚೆಂಡಿನಿಂದ ಕಡೆಗೆ ಐವರಂತೆ ಆಡುವ ಬಾಲ್ ಬ್ಯಾಡ್ಮಿಂಟನ್ ದಕ್ಷಿಣ ಭಾರತದಲ್ಲಿಯೇ, ತಂಜಾವೂರಿನ ಕಡೆ ಹುಟ್ಟಿದ ಆಟ. ಕನ್ನಡ ನಾಡಿನ ಅನೇಕ ಊರುಗಳಲ್ಲಿ ಅದರ ಅಂಗಳಗಳಿದ್ದವು. ಸುಗ್ಗಿ ಮುಗಿದ ಹೊಲ ಬೇಸಿಗೆಯಲ್ಲಿ ಕ್ರಿಕೆಟ್ಟಿನ ಮೈದಾನವಾಗುತ್ತಿತ್ತು.

ಇಂದು ಓಣಿಯ ಎರಡೂ ಬದಿಗೆ ವಾಹನಗಳು ನಿಂತಿವೆ. ಖಾಲಿ ಇದ್ದ ನಿವೇಶನಗಳಲ್ಲಿ ಮನೆಗಳೆದ್ದಿವೆ. ಉದ್ಯಾನವಿದ್ದರೆ ಅದಕ್ಕೆ ಬೇಲಿಯಿದೆ, ಬೇಲಿಯ ಮೇಲೆ ಚೆಂಡಾಟವನ್ನು ನಿಷೇಧಿಸುವ ಫಲಕವಿದೆ. ಶಾಲೆ ಬಿಟ್ಟ ಮಗು ಟ್ಯೂಷನ್ನಿಗೆ ಹೋಗುತ್ತದೆ. ಟ್ಯೂಷನ್ ಮುಗಿಸಿ ಬಂದು ಮೊಬೈಲ್ ಹಿಡಿಯುತ್ತದೆ. ಆ ಪುಟ್ಟ ಪರದೆಯ ಮೇಲೆ ಅದು ನೋಡುವುದು ಬಹಳ ಸಲ ಕ್ರಿಕೆಟ್ಟನ್ನೇ. ಬೇರೆಯವರು ಓಡುತ್ತಾರೆ, ನಮ್ಮ ಮಗು ಕುಳಿತು ನೋಡುತ್ತದೆ. ಇದನ್ನು ನಾವು ಮಗುವಿನ ತಪ್ಪೆನ್ನಲಾರೆವು. ಆಡುವ ಜಾಗವನ್ನೂ ಆಡುವ ಹೊತ್ತನ್ನೂ ಅದರಿಂದ ಕಸಿದುಕೊಂಡವರು ಹಿರಿಯರೇ.

ದೇಹವು ಕೇಳುವ ಒಂದು ಗಂಟೆ

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಮೈ ಬೆವರುವಂಥ ಚಟುವಟಿಕೆ ಬೇಕು. ವಾರದಲ್ಲಿ 3 ದಿನವಾದರೂ ಸ್ನಾಯು ಮತ್ತು ಎಲುಬುಗಳನ್ನು ಬಲಪಡಿಸುವ ಚಟುವಟಿಕೆ ಅದರಲ್ಲಿರಬೇಕು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮವನ್ನು ಅದು ಹೇಳುತ್ತದೆ. ಒಂದು ಸಂಜೆಯ ಲಗೋರಿ, ವಾಲಿಬಾಲ್ ಅಥವಾ ಕಾಲ್ಚೆಂಡಾಟ ಮಗುವಿನ ಆ ದಿನದ ಲೆಕ್ಕವನ್ನು ತೀರಿಸಬಲ್ಲುದು. ಅದಕ್ಕಾಗಿ ಯಾವ ಯಂತ್ರವೂ ಬೇಡ, ಮಾಸಿಕ ಶುಲ್ಕವೂ ಬೇಡ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವು ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನ ಮಧುಮೇಹಿಗಳಿದ್ದಾರೆಂದೂ ಸುಮಾರು 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜಿಸಿದೆ. ಈ ರೋಗಕ್ಕೆ ವಂಶವೂ ಆಹಾರವೂ ಕಾರಣವಾದರೂ ಕುಳಿತೇ ಕಳೆಯುವ ಬದುಕು ದೊಡ್ಡ ಕಾರಣಗಳಲ್ಲೊಂದು. ದುಡಿಯುವ ಸ್ನಾಯು ರಕ್ತದೊಳಗಿನ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಹಾಗೆ ಹೀರಿಕೊಳ್ಳುವಾಗ ಅದು ಇನ್ಸುಲಿನ್ನನ್ನೇ ಪೂರ್ತಿ ಅವಲಂಬಿಸಿರುವುದಿಲ್ಲ. ಓಡಿ ದಣಿದ ದೇಹಕ್ಕೆ ಈ ಉಪಕಾರ ಪ್ರತಿದಿನವೂ ದೊರೆಯುತ್ತದೆ. ಎಲುಬಿನ ವಿಚಾರವೂ ಹೀಗೆಯೇ. ಬಾಲ್ಯ ಮತ್ತು ಹರೆಯದಲ್ಲಿ ನೆಗೆದು ಕುಣಿದು ಗಳಿಸಿದ ಎಲುಬಿನ ಸಾಂದ್ರತೆಯೇ ಮುಪ್ಪಿನಲ್ಲಿ ಕೈಹಿಡಿಯುವ ಗಂಟು. ಮುಟ್ಟು ನಿಂತ ಮೇಲೆ ಎಲುಬು ಸವೆಯುವ ತೊಂದರೆ ಹೆಣ್ಣುಮಕ್ಕಳಿಗೆ ಹೆಚ್ಚಾದುದರಿಂದ ಚೆಂಡಾಟದ ಅಂಗಳ ಅವರಿಗೆ ಇನ್ನೂ ಹೆಚ್ಚು ಅಗತ್ಯ. ನಮ್ಮಲ್ಲಿ ಆಗುತ್ತಿರುವುದು ಇದಕ್ಕೆ ವಿರುದ್ಧ. ಹುಡುಗಿ ಹನ್ನೆರಡು ವರ್ಷ ದಾಟಿದಳೆಂದರೆ ಅವಳ ಆಟ ಮುಗಿಯಿತೆಂದೇ ಮನೆಯವರು ತಿಳಿಯುತ್ತಾರೆ. ಅಕ್ಕಮಹಾದೇವಿಯನ್ನು ಪೂಜಿಸುವ ಮನೆಗಳಲ್ಲಿ ಈ ಕಟ್ಟು ಶೋಭಿಸುವುದಿಲ್ಲ.

ಕಣ್ಣಿನ ಮಾತನ್ನೂ ಹೇಳಬೇಕು. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಕೆಲವು ಮಕ್ಕಳಿಗೆ ಶಾಲೆಯ ಪ್ರತಿದಿನವೂ 40 ನಿಮಿಷಗಳ ಹೆಚ್ಚಿನ ಹೊರಾಂಗಣ ಚಟುವಟಿಕೆಯನ್ನು ಕೊಟ್ಟು 3 ವರ್ಷ ಗಮನಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಮೀಪದೃಷ್ಟಿ ಹೊಸದಾಗಿ ಬಂದವರ ಪ್ರಮಾಣ ಆ ಮಕ್ಕಳಲ್ಲಿ ಶೇಕಡಾ 30.4, ಉಳಿದವರಲ್ಲಿ ಶೇಕಡಾ 39.5. ಹಗಲಿನ ಪ್ರಖರ ಬೆಳಕು ಇದಕ್ಕೆ ಮುಖ್ಯ ಕಾರಣವೆಂದು ತಜ್ಞರು ಭಾವಿಸುತ್ತಾರೆ. ಕನ್ನಡಕವಿಲ್ಲದ ಮಕ್ಕಳನ್ನು ಹುಡುಕಬೇಕಾದ ತರಗತಿಗಳು ನಮ್ಮಲ್ಲಿಯೂ ಹೆಚ್ಚುತ್ತಿರುವಾಗ, ಬಿಸಿಲಿಳಿಯುವ ಹೊತ್ತಿನ ಒಂದು ಗಂಟೆಯ ಆಟವನ್ನು ಕಾಲಹರಣವೆನ್ನುವುದು ಯಾವ ವಿವೇಕ?

ತೀರ್ಪುಗಾರನಿಲ್ಲದ ಆಟ

ಓಣಿಯ ಚೆಂಡಾಟಕ್ಕೆ ಕ್ರೀಡಾಂಗಣದ ಪಂದ್ಯಕ್ಕಿಲ್ಲದ ಒಂದು ಗುಣವಿದೆ: ಅಲ್ಲಿ ತೀರ್ಪುಗಾರನಿರುವುದಿಲ್ಲ. ಚೆಂಡು ಬ್ಯಾಟಿಗೆ ತಾಗಿತೋ ಇಲ್ಲವೋ ಎಂಬುದು ಬಹಳ ಸಲ ಆಡುವವನೊಬ್ಬನಿಗೇ ಗೊತ್ತು. ಔಟ್ ಎಂದು ತಾನೇ ಒಪ್ಪಿ ಹೊರನಡೆಯಬೇಕೇ, ಇಲ್ಲವೆಂದು ವಾದಿಸಿ ಉಳಿಯಬೇಕೇ? ಹತ್ತು ವರ್ಷದ ಹುಡುಗನು ಅಂಥ ಗಳಿಗೆಯಲ್ಲಿ ತನ್ನ ಅಂತಸ್ಸಾಕ್ಷಿಯನ್ನು ಮೊದಲ ಸಲ ಎದುರಿಸುತ್ತಾನೆ. ಸುಳ್ಳು ಹೇಳಿ ಉಳಿದರೆ ಆಟ ಸಿಕ್ಕೀತು, ನಾಳೆ ಗೆಳೆಯರು ಸಿಗುವುದಿಲ್ಲ. ಯಾವ ನೀತಿಪಾಠದ ಪುಸ್ತಕವೂ ಇಷ್ಟು ಚುರುಕಾಗಿ ಕಲಿಸದು.

ಕೋಪ, ಅಸೂಯೆ, ಸೋಲಿನ ಸಂಕಟ, ಗೆಲುವಿನ ಅಹಂಕಾರ ಇವೆಲ್ಲ ನಮ್ಮೊಳಗೆ ಇವೆಯೆಂದು ಪ್ರವಚನಗಳಲ್ಲಿ ಕೇಳುತ್ತೇವೆ. ಕೇಳಿದಾಗ ಅವು ಇನ್ನೊಬ್ಬರ ದೋಷಗಳಂತೆ ತೋರುತ್ತವೆ. ಆಟದಲ್ಲಿ ಅವು ನಮ್ಮವೇ ಆಗಿ ಎದ್ದು ನಿಲ್ಲುತ್ತವೆ. ಸುಲಭದ ಕ್ಯಾಚನ್ನು ಕೈಬಿಟ್ಟ ಗೆಳೆಯನ ಮೇಲೆ ಸಿಡುಕಿದ ತರುಣನು ಮನೆಗೆ ಮರಳುವಾಗ “ನನಗೇಕೆ ಅಷ್ಟು ಸಿಟ್ಟು ಬಂತು?” ಎಂದು ಯೋಚಿಸಿದರೆ ಅವನಲ್ಲಿ ಆತ್ಮವಿಚಾರ ಆರಂಭವಾಯಿತೆಂದೇ ಅರ್ಥ. ಅಧ್ಯಾತ್ಮದ ಕುತೂಹಲ ಯಾವಾಗಲೂ ದೇವರ ಹೆಸರಿನಿಂದಲೇ ಹೊರಡಬೇಕಾಗಿಲ್ಲ; ‘ನಾನು’ ಎಂಬುದರಿಂದಲೂ ಹೊರಡುತ್ತದೆ.

ಜೇಮ್ಸ್ ನೈಸ್ಮಿತ್ ಎಂಬವರು ಕೆನಡಾದಲ್ಲಿ ಹುಟ್ಟಿ, ಧರ್ಮಶಾಸ್ತ್ರವನ್ನು ಓದಿ ಪದವಿ ಪಡೆದವರು. ಅವರು ಪ್ರವಚನಪೀಠವನ್ನು ಬಿಟ್ಟು ವ್ಯಾಯಾಮ ಶಿಕ್ಷಣವನ್ನು ಆರಿಸಿಕೊಂಡರು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಬೇಸರಗೊಂಡಿದ್ದ ವಿದ್ಯಾರ್ಥಿಗಳಿಗಾಗಿ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲೆ ಕಟ್ಟಿಸಿ, 13 ನಿಯಮಗಳನ್ನು ಬರೆದು ಬಾಸ್ಕೆಟ್‌ಬಾಲ್ ಆಟವನ್ನು ಆರಂಭಿಸಿದರು. ಮುಂದೆ ವೈದ್ಯಕೀಯ ಪದವಿಯನ್ನೂ ಪಡೆದರು. ಧರ್ಮ, ಆಟ, ಆರೋಗ್ಯ ಈ ಮೂರನ್ನೂ ಒಬ್ಬನೇ ವ್ಯಕ್ತಿ ಒಂದೇ ಬಾಳಿನಲ್ಲಿ ಹಿಡಿದ ಉದಾಹರಣೆಯಿದು. ಅನ್ಯದೇಶದ, ಅನ್ಯಧರ್ಮದ ಮಾತೆಂದು ಇದನ್ನು ಬದಿಗಿಡಬೇಕಿಲ್ಲ. ಒಳಿತು ಎಲ್ಲಿದ್ದರೂ ಗ್ರಾಹ್ಯವೇ.

ಪ್ರಶ್ನೆಗೆ ಹೆದರದ ಪರಂಪರೆ

ನಮ್ಮ ಪರಂಪರೆ ಪ್ರಶ್ನೆಯಿಂದಲೇ ಬೆಳೆದಿದೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದ ಶೂನ್ಯಸಂಪಾದನೆ ಆದ್ಯಂತವಾಗಿ ಸಂವಾದರೂಪದ ಗ್ರಂಥ. ಅಣ್ಣನ ಅಗಲಿಕೆಯಲ್ಲಿ ದುಃಖಿಸುತ್ತಿದ್ದ ಮುಕ್ತಾಯಕ್ಕನನ್ನು ಅಲ್ಲಮಪ್ರಭುಗಳು ಪ್ರಶ್ನಿಸುತ್ತಾರೆ. ಆಕೆ ಮರುಪ್ರಶ್ನೆ ಹಾಕುತ್ತಾಳೆ. ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆ ಕಟ್ಟಿಸುತ್ತಿದ್ದ ಪುಣ್ಯಕಾರ್ಯವನ್ನು ಕೂಡ ಪ್ರಭುಗಳು ಪ್ರಶ್ನಿಸದೆ ಬಿಡಲಿಲ್ಲ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅನುಭವ ಮಂಟಪ ಆಕೆಯನ್ನು ಕಠಿಣವಾಗಿಯೇ ವಿಚಾರಿಸಿತು. ಆಕೆಯ ಉತ್ತರವನ್ನು ಕೇಳಿ ತಲೆಬಾಗಿತು. ಇಂಥ ಪರಂಪರೆಯ ಮನೆಯಲ್ಲಿ ಹುಟ್ಟಿದ ಮಗುವೊಂದು “ಗುಡಿಗೆ ಹೋದರೆ ಸಾಲದೇ, ಅಂಗೈಯಲ್ಲಿ ಇಟ್ಟುಕೊಂಡು ಏಕೆ ನೋಡಬೇಕು?” ಎಂದು ಕೇಳಿದರೆ ನಾವು ಸಂತೋಷಪಡಬೇಕಲ್ಲದೆ ಗದರಿಸಬಾರದು.

ಇಲ್ಲಿ ಆಟಕ್ಕೂ ಅಧ್ಯಾತ್ಮಕ್ಕೂ ಇರುವ ನಿಜವಾದ ಸಂಬಂಧ ತೋರುತ್ತದೆ. ಒಬ್ಬನ ಆಟವನ್ನು ಇನ್ನೊಬ್ಬನು ಆಡಲಾಗದು. ದೂರದರ್ಶನದಲ್ಲಿ ನೂರು ಪಂದ್ಯ ನೋಡಿದರೂ ನಮ್ಮ ಉಸಿರು ಬಲಗೊಳ್ಳುವುದಿಲ್ಲ. ಹಾಗೆಯೇ ನೂರು ಪ್ರವಚನ ಕೇಳಿದರೂ ಅನುಭಾವ ತಾನಾಗಿ ಬಾರದು. ಪೂಜೆಯನ್ನು ಬೇರೆಯವರಿಂದ ಮಾಡಿಸದೆ ತಾನೇ ಮಾಡಬೇಕೆಂದು, ಅದಕ್ಕಾಗಿಯೇ ಪ್ರತಿಯೊಬ್ಬರ ಕೈಗೂ ಇಷ್ಟಲಿಂಗವನ್ನು ಕೊಟ್ಟ ಧರ್ಮ ನಮ್ಮದು. ನೋಡುಗರಾಗಿ ಉಳಿಯುವ ರೂಢಿಯನ್ನು ಮೈದಾನದಲ್ಲಿ ಬೆಳೆಸಿಕೊಂಡವರು ಮಠದಲ್ಲಿಯೂ ನೋಡುಗರಾಗಿಯೇ ಉಳಿಯುತ್ತಾರೆಂಬುದು ನಮ್ಮ ಆತಂಕ. ಜಾತ್ರೆಗೆ ಬರುತ್ತಾರೆ, ರಥ ನೋಡುತ್ತಾರೆ, ಪ್ರಸಾದ ಸ್ವೀಕರಿಸಿ ಮರಳುತ್ತಾರೆ. ತಮ್ಮದೆಂಬ ಒಂದು ಪ್ರಶ್ನೆಯನ್ನೂ ತರುವುದಿಲ್ಲ.

ದೃಷ್ಟಿಯ ಮಾತೂ ಇದೆ. ಇಷ್ಟಲಿಂಗ ಪೂಜೆಯಲ್ಲಿ ಅಂಗೈಯ ಲಿಂಗದಲ್ಲಿ ನೋಟವನ್ನು ನಿಲ್ಲಿಸುತ್ತೇವೆ. ಆಡುವ ಮಗು ಬರುತ್ತಿರುವ ಚೆಂಡಿನಿಂದ ಕಣ್ಣನ್ನು ಕದಲಿಸುವುದಿಲ್ಲ. ಆ ಕ್ಷಣದಲ್ಲಿ ಅದಕ್ಕೆ ಪರೀಕ್ಷೆಯ ಚಿಂತೆಯಿಲ್ಲ, ಹಸಿವಿನ ನೆನಪಿಲ್ಲ. ಎರಡೂ ಒಂದೇ ಎಂದು ನಾವು ಹೇಳುವುದಿಲ್ಲ. ಒಂದರಲ್ಲಿ ಮನಸ್ಸು ಹೊರಗಿನ ವಸ್ತುವಿನ ಹಿಂದೆ ಓಡುತ್ತದೆ, ಇನ್ನೊಂದರಲ್ಲಿ ಒಳಕ್ಕೆ ತಿರುಗುತ್ತದೆ. ಆದರೆ ಮನಸ್ಸು ಒಂದೆಡೆ ನಿಲ್ಲಬಲ್ಲುದೆಂಬ ಭರವಸೆ ಮಗುವಿಗೆ ಮೊದಲು ದೊರೆಯುವುದು ಆಟದಲ್ಲಿ. ದಿನವಿಡೀ ಬೆಂಚಿನ ಮೇಲೆ ಕುಳಿತ ದೇಹ ಪೂಜೆಯಲ್ಲಿಯೂ ಚಡಪಡಿಸುತ್ತದೆ. ಆಡಿ, ಕೈಕಾಲು ಮುಖ ತೊಳೆದು, ವಿಭೂತಿ ಧರಿಸಿ ಕುಳಿತ ದೇಹಕ್ಕೆ ಹತ್ತು ನಿಮಿಷ ನಿಶ್ಚಲವಾಗಿರುವುದು ಭಾರವೆನಿಸದು.

ಮಕ್ಕಳು ನಿಜವಾಗಿ ಕೇಳುವ ಪ್ರಶ್ನೆಯೊಂದನ್ನು ಇಲ್ಲಿಯೇ ಎತ್ತಿಕೊಳ್ಳೋಣ: “ಆಡಲು ಹೋಗುವಾಗ ಲಿಂಗವನ್ನು ತೆಗೆದಿಡಬಹುದೇ?” ಪಾಲಕರು ಉತ್ತರ ತೋಚದೆ, ಆಟವನ್ನೇ ಬಿಡಿಸುವುದುಂಟು; ಮಕ್ಕಳು ಹೇಳದೆ ಕೇಳದೆ ತೆಗೆದು ಗೂಡಿನಲ್ಲಿಡುವುದೂ ಉಂಟು. ಲಿಂಗವು ಅಂಗವನ್ನು ಅಗಲಬಾರದೆಂಬುದು ಸಂಪ್ರದಾಯ. ಗಟ್ಟಿ ಕರಡಿಗೆ ಎದೆಗೆ ತೂಗಾಡುತ್ತಿದ್ದರೆ ಚೆಂಡಿನ ಪೆಟ್ಟಿಗೋ ಬೀಳುವಾಗಿನ ಒತ್ತಿಗೋ ನೋವಾದೀತೆಂಬುದೂ ನಿಜ. ಮೆತ್ತನೆಯ ವಸ್ತ್ರದಲ್ಲಿ ಸುತ್ತಿ, ಅಂಗಿಯ ಒಳಗೆ ಮೈಗೆ ಹೊಂದಿಕೊಂಡಂತೆ ಕಟ್ಟಿಕೊಳ್ಳುವುದು ಎರಡಕ್ಕೂ ಸಲ್ಲುವ ದಾರಿ. ಈ ಸಂದರ್ಭದಲ್ಲಿ ನುಲಿಯ ಚಂದಯ್ಯನವರ ಪ್ರಸಂಗವನ್ನು ಮಕ್ಕಳಿಗೆ ಹೇಳಬಹುದು. ಹುಲ್ಲು ಕೊಯ್ಯುವಾಗ ಲಿಂಗ ಕಳಚಿ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲವೆಂದೂ, ಲಿಂಗಕ್ಕೂ ಕಾಯಕ ತಪ್ಪದೆಂದು ವಾದಿಸಿದರೆಂದೂ ಕಥೆಯಿದೆ. ಆಟವು ಕಾಯಕವಲ್ಲ, ಆ ಪ್ರಸಂಗವನ್ನು ನೇರವಾಗಿ ಆಟಕ್ಕೆ ಅನ್ವಯಿಸಲಾಗದು. ಆದರೆ ಕಥೆ ಕೇಳಿದ ಮಗು “ಹಾಗಾದರೆ ಲಿಂಗ ದೊಡ್ಡದೋ ಕಾಯಕ ದೊಡ್ಡದೋ?” ಎಂದು ಕೇಳಿಯೇ ಕೇಳುತ್ತದೆ. ಆ ಪ್ರಶ್ನೆಯೊಂದಿಗೆ ಅದು ಬಾಳಿನುದ್ದಕ್ಕೂ ನಡೆಯಲಿ. ಅವಸರದ ಉತ್ತರದಿಂದ ಅದನ್ನು ಮುಚ್ಚುವುದು ಬೇಡ.

ಆಕ್ಷೇಪಗಳಿಗೆ ನಮ್ಮ ಉತ್ತರ

ಆಡಿದರೆ ಅಭ್ಯಾಸ ಕೆಡುತ್ತದೆಂಬುದು ಮೊದಲ ಆಕ್ಷೇಪ. ಮಿತಿಯಿಲ್ಲದ ಆಟದಿಂದ ಕೆಡುವುದು ದಿಟ. ಆದರೆ ಒಂದು ಗಂಟೆಯ ಆಟವನ್ನು ಕಡಿದು ಓದಿಗೆ ಸೇರಿಸಿದ ಮನೆಗಳಲ್ಲಿ ಆ ಗಂಟೆ ಓದಿಗೆ ಹೋಗಿದೆಯೇ, ಮೊಬೈಲಿಗೆ ಹೋಗಿದೆಯೇ ಎಂದು ಪಾಲಕರು ಪ್ರಾಮಾಣಿಕವಾಗಿ ನೋಡಲಿ. ಆಡಿದ ಮಗು ಚೆನ್ನಾಗಿ ಉಣ್ಣುತ್ತದೆ, ಹೊತ್ತಿಗೆ ಸರಿಯಾಗಿ ನಿದ್ರಿಸುತ್ತದೆ. ನಿದ್ರೆ ತುಂಬಿದ ಮಗುವಿಗೆ ಬೆಳಗಿನ ಪಾಠ ಹತ್ತುತ್ತದೆ.

ಗಾಯದ ಭಯ ಎರಡನೆಯದು. ಈ ಭಯ ನಿರಾಧಾರವಲ್ಲ, ಆದ್ದರಿಂದ ಎಚ್ಚರ ಬೇಕು. ಓಣಿಯಲ್ಲಿ ಗಟ್ಟಿ ಚರ್ಮದ ಚೆಂಡು ಬೇಡವೇ ಬೇಡ. ಟೆನಿಸ್ ಚೆಂಡು ಅಥವಾ ಬಟ್ಟೆಯ ಚೆಂಡು ಸಾಕು. ವಾಹನ ಓಡಾಡುವ ರಸ್ತೆಯಲ್ಲಿ ಆಡಬಾರದು. ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕು ಗಂಟೆಯವರೆಗೆ ಬಿಸಿಲಿಗಿಳಿಯಬಾರದು. ನೀರಡಿಕೆಯಾಗುವುದಕ್ಕೆ ಮೊದಲೇ ನೀರು ಕುಡಿಯಬೇಕು. ಕಾಲು ಉಳುಕಿದರೆ ತಿಕ್ಕಿ ನೀವುವುದರಿಂದ ಬಾವು ಹೆಚ್ಚಾಗುವ ಸಂಭವವಿದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನಿಟ್ಟು, ಕಾಲನ್ನು ಎತ್ತರದಲ್ಲಿರಿಸಿ ವಿಶ್ರಾಂತಿ ಕೊಡಬೇಕು. ಹೆಜ್ಜೆಯೂರಲು ಆಗದಿದ್ದರೆ ವೈದ್ಯರಿಗೆ ತೋರಿಸಬೇಕು. ಕಣ್ಣಿಗೆ ಚೆಂಡು ಬಡಿದರೆ ಉಜ್ಜಬಾರದು, ಮನೆಮದ್ದನ್ನು ಹಾಕಬಾರದು. ನೇರವಾಗಿ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಆಸ್ತಮಾ, ಹೃದಯದ ತೊಂದರೆ ಇರುವ ಮಕ್ಕಳು ವೈದ್ಯರ ಸಲಹೆ ಪಡೆದು ಆಡಲಿ. ನಲವತ್ತು ದಾಟಿದ ಭಕ್ತರು ಉತ್ಸಾಹದಿಂದ ಒಮ್ಮೆಲೇ ವಾಲಿಬಾಲ್ ಅಂಗಳಕ್ಕೆ ನೆಗೆಯದೆ, ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿಕೊಂಡು, ಕೆಲವು ವಾರ ನಡಿಗೆಯಿಂದ ಮೈಯನ್ನು ಹದಗೊಳಿಸಿಕೊಂಡು ಆರಂಭಿಸಲಿ. ಎದೆಯಲ್ಲಿ ಬಿಗಿತ ಕಂಡರೆ ಆಟವನ್ನು ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ ಹೋಗಲಿ.

ಕೆಟ್ಟ ಸಹವಾಸ ಮೂರನೆಯದು. ಈ ಮಾತಿನ ಹಿಂದೆ ಕೆಲವೊಮ್ಮೆ ಬೇರೊಂದು ಮಾತು ಅಡಗಿರುತ್ತದೆ: ಆ ಕೇರಿಯ ಹುಡುಗರೊಡನೆ ನಮ್ಮ ಹುಡುಗ ಬೆರೆಯಬಾರದೆಂಬ ಮಾತು. ಬಸವಾದಿ ಶರಣರ ಹೆಸರು ಹೇಳುವವರ ಬಾಯಲ್ಲಿ ಅದು ಬರಬಾರದು. ಚೆಂಡಾಟದ ಗುಂಪು ಕಟ್ಟುವಾಗ ಮಕ್ಕಳು ನೋಡುವುದು ಯಾರ ಎಸೆತ ಚೆನ್ನಾಗಿದೆ, ಯಾರ ಓಟ ಚುರುಕಾಗಿದೆ ಎಂಬುದನ್ನು. ಅವರು ತಾವಾಗಿಯೇ ಕಟ್ಟಿದ ಈ ಸಮಾನತೆಯನ್ನು ಹಿರಿಯರು ಒಡೆಯದಿದ್ದರೆ ಸಾಕು. ನಿಜವಾದ ಕೆಟ್ಟ ಸಹವಾಸ ಇಂದು ಅಂಗೈಯ ಪರದೆಯಲ್ಲಿದೆ. ಪಂದ್ಯ ನೋಡುತ್ತ ಹಣ ಕಟ್ಟುವ ಚಟಕ್ಕೆ ಬಿದ್ದು ಸಾಲಗಾರರಾದ ತರುಣರ ಕುಟುಂಬಗಳ ಸಂಕಟ ಯಾವ ಊರಿಗೂ ಹೊಸದಲ್ಲ. ಆಟವನ್ನು ಆಡುವುದು ಬೇರೆ, ಆಟದ ಮೇಲೆ ಆಡುವುದು ಬೇರೆ.

ನಾವು ಮಾಡಬಹುದಾದದ್ದು

ನಮ್ಮ ಮಠಗಳು ನಡೆಸುವ ಶಾಲೆಗಳಿಗೆ, ಪ್ರಸಾದ ನಿಲಯಗಳಿಗೆ ಅಂಗಳಗಳಿವೆ. ಸಂಜೆ ಶಾಲೆ ಬಿಟ್ಟೊಡನೆ ಅವುಗಳ ಬಾಗಿಲಿಗೆ ಬೀಗ ಬೀಳುತ್ತದೆ. ಐದರಿಂದ ಆರೂವರೆಯವರೆಗೆ ಆ ಬೀಗ ತೆರೆದಿರಲಿ, ಸುತ್ತಲಿನ ಓಣಿಗಳ ಎಲ್ಲ ಮಕ್ಕಳಿಗೂ ಪ್ರವೇಶವಿರಲಿ. ನಿವೃತ್ತರಾದ ದೈಹಿಕ ಶಿಕ್ಷಕರು, ಇತರ ಹಿರಿಯರು ಸರದಿಯಂತೆ ಬಂದು ಕಟ್ಟೆಯ ಮೇಲೆ ಕುಳಿತರೆ ಕಾವಲೂ ಆಯಿತು, ಅವರ ಒಂಟಿತನವೂ ಕಳೆಯಿತು. ಹಣವನ್ನೋ ಅನ್ನವನ್ನೋ ಕೊಡುವುದು ದಾಸೋಹವಾದರೆ ಜಾಗವನ್ನೂ ಸಮಯವನ್ನೂ ಕೊಡುವುದು ಕೂಡ ದಾಸೋಹವೇ.

ಹೆಣ್ಣುಮಕ್ಕಳಿಗೆ ಥ್ರೋಬಾಲ್, ಬಾಲ್ ಬ್ಯಾಡ್ಮಿಂಟನ್ ಆಡಲು ಬೇರೆ ಹೊತ್ತನ್ನು ಗೊತ್ತುಪಡಿಸಬಹುದು, ತಾಯಂದಿರೂ ಅಂಗಳಕ್ಕಿಳಿಯಲಿ. ಜಾತ್ರೆಯಲ್ಲಿ ಕುಸ್ತಿ ಇರುವಂತೆ ಲಗೋರಿಯೂ ಇರಲಿ. ವಾರಕ್ಕೊಮ್ಮೆ ಆಟ ಮುಗಿದ ಮೇಲೆ ಕಾಲು ಗಂಟೆ ಮಕ್ಕಳು ಅಲ್ಲಿಯೇ ನೆಲದ ಮೇಲೆ ಕುಳಿತು ತಮಗೆ ತೋಚಿದ ಪ್ರಶ್ನೆಯನ್ನು ಕೇಳಲಿ. ಪೂಜ್ಯರೋ ತಿಳಿದ ಹಿರಿಯರೋ ಉತ್ತರಿಸಲಿ. ಅಲ್ಲಿ ಯಾವ ಪ್ರಶ್ನೆಯೂ ಅಧಿಕಪ್ರಸಂಗವೆನಿಸಬಾರದು. ಸತ್ತವರು ಎಲ್ಲಿಗೆ ಹೋಗುತ್ತಾರೆ, ದೇವರಿಗೆ ನಮ್ಮ ಪೂಜೆ ಏಕೆ ಬೇಕು, ಒಳ್ಳೆಯವರಿಗೆ ರೋಗ ಏಕೆ ಬರುತ್ತದೆ ಎಂಬ ಪ್ರಶ್ನೆಗಳು ಮಕ್ಕಳ ಮನದಲ್ಲಿವೆ. ಕೇಳುವ ಜಾಗ ಸಿಗದಿದ್ದರೆ ಅವು ಅಲ್ಲಿಯೇ ಉಳಿದು ಭಯವಾಗುತ್ತವೆ, ಇಲ್ಲವೆ ತಿರಸ್ಕಾರವಾಗುತ್ತವೆ. ಮನೆಯಲ್ಲಿ ಉತ್ತರ ತಿಳಿಯದಾಗ “ನನಗೂ ತಿಳಿಯದು, ಅಪ್ಪಗಳನ್ನು ಕೇಳೋಣ ನಡೆ” ಎಂದು ಹೇಳುವುದರಿಂದ ತಂದೆತಾಯಿಗಳ ಗೌರವ ಕುಗ್ಗುವುದಿಲ್ಲ. ಮಗುವಿಗೆ ಜೊತೆಗಾರರು ಸಿಕ್ಕಂತಾಗುತ್ತದೆ.

ಶರಣರು ಪರವಸ್ತುವನ್ನು ಸೂಚಿಸಲು ‘ಬಯಲು’ ಎಂಬ ಆಡುನುಡಿಯ ಪದವನ್ನೇ ಆರಿಸಿಕೊಂಡರು. ಗೋಡೆಯಿಲ್ಲದ್ದು, ಎಲ್ಲೆಯಿಲ್ಲದ್ದು, ಯಾರದೂ ಅಲ್ಲದೆ ಎಲ್ಲರದೂ ಆದದ್ದು ಬಯಲು. ಊರೊಳಗಿನ ಬಯಲುಗಳನ್ನೆಲ್ಲ ನಿವೇಶನಗಳನ್ನಾಗಿ ಕೊಯ್ದು ಮಾರಿದ ಮೇಲೆ, ಬಯಲೆಂದರೇನೆಂದು ಮಕ್ಕಳಿಗೆ ಯಾವುದನ್ನು ತೋರಿಸಿ ತಿಳಿಸುವುದು? ಉಳಿದಿರುವ ತುಂಡು ನೆಲವನ್ನಾದರೂ ಅವರಿಗಾಗಿ ಉಳಿಸಿಕೊಡುವ ಹೊಣೆ ನಮ್ಮದು. ಬರುವ ಬೇಸಿಗೆಯ ರಜೆಗೆ ಮುನ್ನ ಪ್ರತಿ ಊರಿನ ಸದ್ಭಕ್ತರು ಒಂದೆಡೆ ಸೇರಿ, ತಮ್ಮ ಓಣಿಯ ಮಕ್ಕಳು ಎಲ್ಲಿ ಆಡಬೇಕು, ಯಾರನ್ನು ಕೇಳಬೇಕು ಎಂಬ ಎರಡು ಮಾತುಗಳನ್ನು ನಿರ್ಧರಿಸಿಕೊಳ್ಳಲಿ ಎಂದು ಪ್ರಾರ್ಥಿಸುತ್ತೇವೆ.